ಇದರೊಳಗೆ ಏನಿದೆ ತಾತ?

ಈ ವಾರ ಪೂರ್ತಿ ಈ ಪ್ರಶ್ನೆ ನನ್ನ ತಲೆಯೊಳಗೆ ಸುತ್ತುತ್ತಾ ಇದೆ. ಕೇಳಿದವಳು ಒಂದು ಪುಟ್ಟ ಹುಡುಗಿ. ಉತ್ತರ ಕೊಡಬೇಕಾಗಿದ್ದವರು ನಮ್ಮ ಮಾದರಿ ರೈಲು ಗುಂಪಿನಲ್ಲೇ ಅತಿ ಹೆಚ್ಚು ಬಾಕ್ಸ್‌ಕಾರ್, ಅಂದರೆ ಎಲ್ಲ ಕಡೆ ಮುಚ್ಚಿದ, ಬದಿಯಲ್ಲಿ ಬಾಗಿಲಿರುವ ಸರಕು ಗಾಡಿಯ ಮಾದರಿಗಳನ್ನು ಕೂಡಿಟ್ಟಿರುವ ಹಿರಿಯರು. ಮೊಮ್ಮಗಳು ಕರೆದ ಹಾಗೆ ನಾನೂ ಅವರನ್ನು ತಾತ ಅಂತಲೇ ಬರೆಯುತ್ತೇನೆ.

ಎಲ್ಲರೂ ತಮ್ಮ ತಮ್ಮ ಗಾಡಿ ತಂದು ಒಂದೇ ಹಳಿಯ ಮೇಲೆ ಓಡಿಸುವ ದಿನ ಅದು. ತಾತ ಮಾತ್ರ ಓಡಿಸುವುದಿಲ್ಲ. ಒಂದು ಮೇಜು ಹಾಕಿಕೊಂಡು ತಮ್ಮ ಗಾಡಿಗಳನ್ನು ಪೆಟ್ಟಿಗೆ ಸಮೇತ ಸಾಲಾಗಿ ಜೋಡಿಸಿ ಕೂರುತ್ತಾರೆ. ಈ ಸಲ ಮಧ್ಯದಲ್ಲಿ ಇದ್ದದ್ದು ಬ್ಯಾಂಗರ್ ಅಂಡ್ ಅರೂಸ್ಟುಕ್ ರೈಲ್ವೆಯ ಬಾಕ್ಸ್‌ಕಾರ್. ಕೆಂಪು, ಬಿಳಿ, ನೀಲಿ ಪಟ್ಟೆ, ಮೈಮೇಲೆ ದೊಡ್ಡದಾಗಿ 'ಸ್ಟೇಟ್ ಆಫ್ ಮೇನ್ ಪ್ರಾಡಕ್ಟ್ಸ್' ಅನ್ನುವ ಬರಹ. ಅಮೆರಿಕದ ಈಶಾನ್ಯ ಮೂಲೆಯ ಆಲೂಗಡ್ಡೆ, ಕಾಗದ ಹೊರುತ್ತಿದ್ದ ರೈಲ್ವೆ ಅದು. ಈ ಬಣ್ಣದ ಗಾಡಿಯನ್ನು ಆಟಿಕೆಯಲ್ಲಿ ಮಾಡದ ಕಂಪನಿ ಕಡಿಮೆ. ಮಕ್ಕಳ ಕಣ್ಣು ಮೊದಲು ಬೀಳುವುದೂ ಅದರ ಮೇಲೇ.

"ಇದರೊಳಗೆ ಏನಿದೆ ತಾತ?"

"ತೂಕ."

"ತೂಕ ಅಂದ್ರೆ?"

"ಕಬ್ಬಿಣದ ಪಟ್ಟಿ ಕಣಮ್ಮ. ಗಾಡಿ ಹಗುರ ಆಗಬಾರದು ಅಂತ ಇಟ್ಟಿರ್ತಾರೆ."

"ಮತ್ತೆ ಸಾಮಾನು?"

"ಸಾಮಾನು ಇಲ್ಲ. ಖಾಲಿ."

ಅವಳು ಒಂದು ಸಲ ಗಾಡಿ ನೋಡಿದಳು, ಒಂದು ಸಲ ರಟ್ಟಿನ ಪೆಟ್ಟಿಗೆ ನೋಡಿದಳು. "ಖಾಲಿ ಡಬ್ಬೀನ ಇನ್ನೊಂದು ಡಬ್ಬಿಯೊಳಗೆ ಯಾಕೆ ಇಟ್ಟಿದ್ದೀಯ ತಾತ?"

ತಾತನ ಮುಖ ಕೆಂಪಾಯಿತು. ಪಕ್ಕದಲ್ಲಿದ್ದ ನನ್ನ ಗೆಳೆಯ ಜೋರಾಗಿ ನಕ್ಕ. ಬೇಕಾದ್ದಕ್ಕಿಂತ ಜಾಸ್ತಿಯೇ ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. ಅದರಲ್ಲಿ ಹುಡುಗಿಯ ಮಾತಿನ ಖುಷಿ ಇರಲಿಲ್ಲ, ತಾತ ಸಿಕ್ಕಿಬಿದ್ದರಲ್ಲ ಅನ್ನುವ ಖುಷಿ ಇತ್ತು.

ತಾತ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಎಚ್‌ಒ ಅಳತೆಯ ಮಾದರಿ ಅಂದರೆ ನಿಜವಾದ ಗಾಡಿಯ 87ರಲ್ಲಿ ಒಂದು ಪಾಲು. 40 ಅಡಿಯ ಬಾಕ್ಸ್‌ಕಾರ್ ಹೀಗೆ ಕುಗ್ಗಿ 14 ಸೆಂ.ಮೀ. ಆಗುತ್ತದೆ. ಪ್ಲಾಸ್ಟಿಕ್ ಮೈ, ಅದರ ತೂಕ ಏನೂ ಸಾಲದು. ಹಗುರವಾದ ಗಾಡಿ ಉದ್ದದ ರೈಲಿನ ಮಧ್ಯೆ ಸಿಕ್ಕಿಕೊಂಡರೆ ತಿರುವಿನಲ್ಲಿ ಒಳಮುಖವಾಗಿ ಜಗ್ಗಿ ಹಳಿಯಿಂದ ಉರುಳುತ್ತದೆ. ಅತಿ ಭಾರವಾದರೆ ಎಂಜಿನ್ ಎಳೆಯಲಾರದೆ ಚಕ್ರ ಜಾರುತ್ತದೆ. ಅದಕ್ಕೇ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಒಂದು ಲೆಕ್ಕ ಹಾಕಿಕೊಟ್ಟಿದೆ. ಮೊದಲು ಒಂದು ಔನ್ಸ್, ಆಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ನಮ್ಮ 14 ಸೆಂ.ಮೀ. ಗಾಡಿಗೆ ಅದು ಸುಮಾರು 106 ಗ್ರಾಂ ಆಗುತ್ತದೆ. ಹಳೆಯ ಅಥರ್ನ್ ಕಂಪನಿಯ ನೀಲಿ ಪೆಟ್ಟಿಗೆಯ ಕಿಟ್ ಜೋಡಿಸಿದವರಿಗೆ ತಾತ ಹೇಳಿದ ಆ ಕಬ್ಬಿಣದ ಪಟ್ಟಿ ಚೆನ್ನಾಗಿ ಗೊತ್ತು. ತಳಕ್ಕೂ ಮೈಗೂ ನಡುವೆ ಅದನ್ನು ಕೂರಿಸಿ ಮುಚ್ಚಿದರೆ ಮುಗಿಯಿತು, ಮತ್ತೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಹುಡುಗಿಯ ಮಾತಿಗೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ತಾತನ ಗಾಡಿ ಒಂದೇ ಖಾಲಿಯಾ? ಗಂಟೆಗಟ್ಟಲೆ ನಾವು ಓಡಿಸುವ ರೈಲುಗಳೂ ಖಾಲಿಯೇ ಅಲ್ವಾ? ಕಲ್ಲಿದ್ದಲು ಗಾಡಿಯಾದರೆ ಮೇಲೆ ಒಂದಿಷ್ಟು ಕರಿ ಪುಡಿ ಅಂಟಿಸಬಹುದು. ಚಪ್ಪಟೆ ಗಾಡಿಯ ಮೇಲೆ ಮರದ ತುಂಡು ಕಟ್ಟಬಹುದು. ಬಾಕ್ಸ್‌ಕಾರ್‌ಗೆ ಬಾಗಿಲು ಹಾಕಿರುತ್ತದೆ. ಒಳಗೆ ಸರಕು ಇದೆ ಅಂತ ನಾವು ನಾವೇ ಒಪ್ಪಿಕೊಂಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆಯುತ್ತೇವೆ. ಹೊರಗಿನವರು ನೋಡಿದರೆ ಇವರಿಗೆಲ್ಲ ಏನಾಗಿದೆ ಅನ್ನಬೇಕು, ಅನ್ನುತ್ತಾರೆ ಕೂಡ.

ತಾತನ ಬಗ್ಗೆ ಒಂದು ಮಾತು. ಅವರು ಸುಲಭದ ಮನುಷ್ಯ ಅಲ್ಲ. ಕೇಳದಿದ್ದರೂ ನಿಮ್ಮ ಗಾಡಿಯ ದೋಷ ಹೇಳುತ್ತಾರೆ. ಹಿಂದೊಮ್ಮೆ ನನ್ನ ಒಂದು ಹಳದಿ ಬಾಕ್ಸ್‌ಕಾರ್ ಎತ್ತಿ ನೋಡಿ, "ಬಣ್ಣ 1970ರ ದಶಕದ್ದು, ಚಾವಣಿ 1950ರದ್ದು" ಅಂದಿದ್ದರು. ಚಾವಣಿಯ ಮೇಲೆ ಬ್ರೇಕ್‌ನವರು ನಡೆದಾಡುತ್ತಿದ್ದ ಹಲಗೆ ಇತ್ತು. ಆ ಹಲಗೆಯನ್ನು 1966ರಿಂದ ಹೊಸ ಬಾಕ್ಸ್‌ಕಾರ್‌ಗಳಲ್ಲಿ ಕೈಬಿಟ್ಟರು. ತಯಾರಕರು ಒಂದೇ ಅಚ್ಚಿನಲ್ಲಿ ಮೈ ತೆಗೆದು ಬೇರೆ ಬೇರೆ ರೈಲ್ವೆಯ, ಬೇರೆ ಬೇರೆ ಕಾಲದ ಬಣ್ಣ ಬಳಿದು ಮಾರಿದ್ದು ಎಷ್ಟೋ ಇದೆ. ತಾತ ಹೇಳಿದ್ದು ಸರಿಯೇ. ಆದರೆ ಅದಾದ ಮೇಲೆ ಆ ಗಾಡಿ ನೋಡಿದಾಗಲೆಲ್ಲ ನನಗೆ ಚಾವಣಿ ಒಂದೇ ಕಾಣುತ್ತದೆ. ಇದಕ್ಕೆ ನಾನಿನ್ನೂ ಅವರನ್ನು ಪೂರ್ತಿ ಕ್ಷಮಿಸಿಲ್ಲ.

ನನ್ನ ಗೆಳೆಯ ಇದಕ್ಕೆ ತದ್ವಿರುದ್ಧ. ಅವನ ಗಾಡಿ ಯಾರು ಬೇಕಾದರೂ ಮುಟ್ಟಬಹುದು, ಮನೆಗೂ ಒಯ್ಯಬಹುದು. ಅದೇ ಧಾಟಿಯಲ್ಲಿ ನಮ್ಮ ಗಾಡಿಗಳನ್ನೂ ಅವನು ಒಯ್ಯುತ್ತಾನೆ. ವಾಪಸ್ ಬರುವಾಗ ಬಾಗಿಲ ಪಕ್ಕದ ಮೆಟ್ಟಿಲಿನಲ್ಲಿ ಒಂದು ಇರುವುದಿಲ್ಲ. ಕೂದಲಿನಷ್ಟು ತೆಳ್ಳಗಿನ ಆ ಮೆಟ್ಟಿಲು ಮುರಿಯುವುದಕ್ಕೇ ಹುಟ್ಟಿದ್ದು, ನಿಜ. ಆದರೂ ಮುರಿದವನು ಹೇಳಬೇಕಲ್ಲ? ಹಂಚಿಕೊಳ್ಳುವುದು ಅವನಿಗೆ ಸಲೀಸು, ಯಾಕೆಂದರೆ ಜೋಪಾನ ಮಾಡುವ ಕಷ್ಟವನ್ನು ಅವನು ಯಾವತ್ತೂ ತಗೊಂಡಿಲ್ಲ. ಹಾಗಾಗಿ ಅವನು ನಕ್ಕಾಗ ನನಗೆ ಒಳಗೊಳಗೇ ತಾತನ ಪಕ್ಷ ವಹಿಸಬೇಕು ಅನ್ನಿಸಿತು.

ಪೆಟ್ಟಿಗೆ ತೆರೆಯದೆ ಇಡುವವರನ್ನು ಗೇಲಿ ಮಾಡುವುದು ಸುಲಭ. ಲಯೋನೆಲ್ ಕಂಪನಿ 1953ರಲ್ಲಿ ಶುರು ಮಾಡಿದ 6464 ಸರಣಿಯ ಬಾಕ್ಸ್‌ಕಾರ್‌ಗಳನ್ನು ಮಕ್ಕಳು ನೆಲದ ಮೇಲೆ ಉರುಳಿಸಲಿ ಅಂತಲೇ ಮಾಡಿದ್ದು. ಹೆಚ್ಚಿನವು ಹಾಗೇ ಉರುಳಿ ಸವೆದವು. ಆಗಿನ ಬಣ್ಣ, ಅಕ್ಷರ ಹೇಗಿತ್ತು ಅಂತ ಇವತ್ತು ಯಾರಾದರೂ ಖಚಿತವಾಗಿ ಹೇಳಬಲ್ಲರಾದರೆ ಅದು ಯಾರೋ ಒಬ್ಬರು ಮುಟ್ಟಗೊಡದೆ ಇಟ್ಟಿದ್ದರಿಂದ. ನಮ್ಮ ಗುಂಪಿನಲ್ಲೂ ಹಾಗೆಯೇ. ಹಳೆಯ ಗಾಡಿಗೆ ಹೊಸ ಅಕ್ಷರ ಅಂಟಿಸಬೇಕಾದಾಗ ಎಲ್ಲರೂ ಓಡುವುದು ತಾತನ ಹತ್ತಿರ. ಅವರು ಪೆಟ್ಟಿಗೆಯ ಕಿಟಕಿಯಿಂದಲೇ ತೋರಿಸುತ್ತಾರೆ, ಮುಟ್ಟಲು ಬಿಡುವುದಿಲ್ಲ. ಅದೂ ಒಂದು ಬಗೆಯ ಹಂಚಿಕೆ ಅಲ್ವಾ?

ಆದರೂ ಹುಡುಗಿಯ ಮಾತು ಬಿಡುತ್ತಿಲ್ಲ. ಖಾಲಿ ಡಬ್ಬೀನ ಇನ್ನೊಂದು ಡಬ್ಬಿಯೊಳಗೆ ಯಾಕೆ?

ನಿಜವಾದ ಬಾಕ್ಸ್‌ಕಾರ್‌ನ ಕಥೆ ನೋಡಿದರೆ ಅವಳ ಪ್ರಶ್ನೆ ಇನ್ನೂ ಚುಚ್ಚುತ್ತದೆ. ಅಲ್ಲಿ ಒಂದು ರೈಲ್ವೆಯ ಗಾಡಿ ಆ ರೈಲ್ವೆಯ ಹಳಿಯ ಮೇಲೇ ಇರಬೇಕು ಅಂತ ಇಲ್ಲ. ಸರಕು ಎಲ್ಲಿಗೆ ಹೋಗಬೇಕೋ ಅಲ್ಲಿಗೆ, ಬೇರೆ ಬೇರೆ ಕಂಪನಿಗಳ ಹಳಿ ಹಿಡಿದು, ಗಾಡಿ ಹೋಗುತ್ತದೆ. ಮೈಮೇಲೆ ಬರೆದ ಗುರುತು ಮತ್ತು ನಂಬರೇ ಅದರ ವಿಳಾಸ. ಪರರ ಗಾಡಿ ಇಟ್ಟುಕೊಂಡವರು ಅದರ ಯಜಮಾನರಿಗೆ ಬಾಡಿಗೆ ಕಟ್ಟಬೇಕು. ಕಷ್ಟ ಬರುತ್ತಿದ್ದದ್ದು ಸರಕು ಇಳಿಸಿದ ಮೇಲೆ. ಗಾಡಿಯನ್ನು ಮನೆಗೆ ವಾಪಸ್ ಕಳಿಸಬೇಕು, ಎಷ್ಟೋ ಸಲ ಖಾಲಿಯಾಗಿ, ನೂರಾರು ಮೈಲಿ. ಅದನ್ನು ತಪ್ಪಿಸಲು 1974ರಲ್ಲಿ ಹಲವು ರೈಲ್ವೆಗಳು ಸೇರಿ ರೈಲ್‌ಬಾಕ್ಸ್ ಅಂತ ಮಾಡಿಕೊಂಡವು. ಹಳದಿ ಬಣ್ಣದ ಗಾಡಿ, ಯಾರು ಬೇಕಾದರೂ ತುಂಬಿ ಎತ್ತ ಬೇಕಾದರೂ ಕಳಿಸಬಹುದು. ಮೈಮೇಲೆ ಬರೆದಿದ್ದ ಇಂಗ್ಲಿಷ್ ಸಾಲಿನ ತಾತ್ಪರ್ಯ ಇಷ್ಟೇ: ಮುಂದಿನ ಸರಕು, ದಾರಿ ಯಾವುದಾದರೂ ಸರಿ.

ಹಾಗಾಗಿ ಮಾದರಿ ಗಾಡಿಗಳಲ್ಲಿ ಬಾಕ್ಸ್‌ಕಾರ್‌ನಷ್ಟು ಹಂಚಿಕೆಗೆ ಒಗ್ಗುವುದು ಬೇರೆ ಇಲ್ಲ. ನಿಮ್ಮ ರೈಲಿನಲ್ಲಿ ನನ್ನ ಗಾಡಿ ಇದ್ದರೆ ಅದು ಆಭಾಸ ಆಗುವುದೇ ಇಲ್ಲ. ಹತ್ತು ಬಣ್ಣದ ಹತ್ತು ರೈಲ್ವೆಯ ಗಾಡಿ ಬೆರೆತಿದ್ದರೇ ಸರಕು ರೈಲು ನಿಜವಾಗಿ ಕಾಣುವುದು. ಸುಮ್ನೆ ಬೆರೆಸಲು ಆಗುವುದಿಲ್ಲ, ಅದು ಬೇರೆ ಮಾತು. ಎರಡು ಗಾಡಿ ಕೊಂಡಿ ಹಾಕಿಕೊಳ್ಳಬೇಕು. ಹಳೆಯ ಕೊಕ್ಕೆ ಕೊಂಡಿಗೂ ಕೇಡೀ ಕಂಪನಿಯ ಗೆಣ್ಣಿನಂಥ ಕೊಂಡಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಚಕ್ರಗಳ ನಡುವಿನ ಅಂತರ ಒಂದೇ ಇರಬೇಕು, ಕೊಂಡಿಯ ಎತ್ತರ ಒಂದೇ ಇರಬೇಕು, ಆಗ ಹೇಳಿದೆನಲ್ಲ, ತೂಕವೂ ಹೊಂದಬೇಕು. 1935ರಲ್ಲಿ ಎನ್‌ಎಂಆರ್‌ಎ ಹುಟ್ಟಿದ್ದಕ್ಕೆ ಒಂದು ಮುಖ್ಯ ಕಾರಣ ಇದೇ, ಒಬ್ಬ ತಯಾರಕನ ಗಾಡಿ ಇನ್ನೊಬ್ಬನ ಹಳಿಯ ಮೇಲೆ ಓಡುತ್ತಿರಲಿಲ್ಲ. ನಮ್ಮ ಗುಂಪಿನಲ್ಲಂತೂ ಗಾಡಿಯ ತಳದಲ್ಲಿ ಬಣ್ಣದ ಚುಕ್ಕೆ ಇಡುತ್ತೇವೆ, ಸಂಜೆ ಜಗಳವಿಲ್ಲದೆ ಬೇರ್ಪಡಿಸಲು. ಗೆಳೆಯನದು ಹಸಿರು. ಅಳಿಸಿಹೋದ ಚುಕ್ಕೆಯೆಲ್ಲ ಕೊನೆಗೆ ಹಸಿರೇ ಆಗುತ್ತದೆ ಅನ್ನುವುದು ನಮ್ಮ ಗುಂಪಿನ ಹಳೆಯ ಜೋಕು.

ಹುಡುಗಿಯ ವಿಷಯಕ್ಕೆ ಬರುತ್ತೇನೆ. ಮುಜುಗರ ತಪ್ಪಿಸಲು ಯಾರೋ ಅವಳ ಕೈಗೆ ಒಂದು ಸರಕು ಚೀಟಿ ಕೊಟ್ಟರು. ಪ್ರತಿ ಗಾಡಿಗೂ ಒಂದು ಕಾರ್ಡು, ಅದರ ಜೇಬಿನಲ್ಲಿ ಒಂದು ಚೀಟಿ. ಚೀಟಿಗೆ ನಾಲ್ಕು ಬದಿ. ಏನು ಸರಕು, ಎಲ್ಲಿಂದ, ಎಲ್ಲಿಗೆ ಅಂತ ಒಂದೊಂದು ಬದಿಯಲ್ಲಿ ಬರೆದಿರುತ್ತದೆ. ಗಾಡಿ ಅಲ್ಲಿಗೆ ತಲುಪಿದ ಮೇಲೆ ಚೀಟಿ ತಿರುಗಿಸಿದರೆ ಮುಂದಿನ ಪ್ರಯಾಣ. "ಒಳಗೆ ಏನಿರಬೇಕು ಅಂತ ನೀನೇ ಬರಿ" ಅಂದರು.

ಅವಳು ಯೋಚನೆಯೇ ಮಾಡಲಿಲ್ಲ. 'ಬೆಕ್ಕಿನ ಮರಿಗಳು' ಅಂತ ಬರೆದಳು.

"ಜೀವ ಇರೋದನ್ನ ಬಾಕ್ಸ್‌ಕಾರ್‌ನಲ್ಲಿ ಕಳಿಸೋಲ್ಲ ಪುಟ್ಟಿ," ಅಂದರು ತಾತ. ಸುಮ್ಮನಿರಲು ಅವರಿಂದ ಆಗುವುದಿಲ್ಲ. "ಅದಕ್ಕೆ ಸಂದು ಸಂದು ಇರೋ ಗೋಡೆಯ ಗಾಡಿ ಬೇರೆ ಇದೆ. ಗಾಳಿ ಬೇಕಲ್ಲ?"

"ಹಾಗಿದ್ರೆ ಬಾಗಿಲು ತೆಗೆದಿಡು."

"ಬಾಗಿಲು ತೆಗೆದು ಓಡಿಸಬಾರದು."

ಇದು ಸ್ವಲ್ಪ ಹೊತ್ತು ನಡೆಯಿತು. ನಾಲ್ಕೈದು ಜನ ಸುತ್ತ ನಿಂತು ಸಲಹೆ ಕೊಟ್ಟರು. ಹಿಂದೆ ಗೋಧಿ, ಜೋಳವನ್ನೂ ಬಾಕ್ಸ್‌ಕಾರ್‌ನಲ್ಲೇ ಸುರಿದು, ಬಾಗಿಲಿಗೆ ಒಳಗಿನಿಂದ ಹಲಗೆ ಹೊಡೆದು ಕಳಿಸುತ್ತಿದ್ದರು ಅಂತ ಒಬ್ಬರು ಶುರು ಮಾಡಿದರು. ಮಳೆಗೆ ನೆನೆಯಬಾರದ್ದು ಏನಾದರೂ ಸರಿ ಅಂತ ಇನ್ನೊಬ್ಬರು. ಅವಳು ಎಲ್ಲ ಕೇಳಿಸಿಕೊಂಡು, ಬರೆದಿದ್ದರ ಮುಂದೆ ಒಂದೇ ಪದ ಸೇರಿಸಿದಳು. 'ಬೆಕ್ಕಿನ ಮರಿಗಳ ಆಟಿಕೆಗಳು'. ತಾತ ಓದಿದರು. ತಪ್ಪು ಹುಡುಕಿದರು. ಸಿಗಲಿಲ್ಲ.

ಇಲ್ಲಿ ತಾತ ಕರಗಿಹೋಗಿ ಆ ಮೂರು ಬಣ್ಣದ ಗಾಡಿಯ ಪೆಟ್ಟಿಗೆ ತೆರೆದರು ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೆ ಆಗಲಿಲ್ಲ. ಗೆಳೆಯ ಅದನ್ನೇ ಕೇಳಿದ, "ಕೊಡಿ ಸರ್, ಮಗು ಆಸೆ ಪಡ್ತಿದೆ" ಅಂತ ಮಗುವನ್ನು ಮುಂದೆ ಮಾಡಿದ. ತಾತ "ಅದು ಕೊಡೋಲ್ಲ" ಅಂದರು, ಅಷ್ಟೇ. ನನಗೆ ಆ ಉತ್ತರ ಹಿಡಿಸಿತು. ಆಮೇಲೆ ಚೀಲಕ್ಕೆ ಕೈಹಾಕಿ ಬಟ್ಟೆಯಲ್ಲಿ ಸುತ್ತಿದ್ದ ಒಂದು ಗಾಡಿ ತೆಗೆದರು. 1947ರಿಂದ ಪುಲ್‌ಮನ್ ಸ್ಟ್ಯಾಂಡರ್ಡ್ ಕಂಪನಿ ಸಾವಿರಗಟ್ಟಲೆ ಮಾಡಿದ ಪಿಎಸ್-1 ಅನ್ನುವ ನಿಜವಾದ ಬಾಕ್ಸ್‌ಕಾರ್‌ನ ಪುಟ್ಟ ಮಾದರಿ, ಮಾಮೂಲಿ ತುಕ್ಕು ಕೆಂಪು ಬಣ್ಣ. ಅದಕ್ಕೆ ಪೆಟ್ಟಿಗೆ ಇರಲಿಲ್ಲ. ಒಂದು ಮೆಟ್ಟಿಲೂ ಇರಲಿಲ್ಲ, ಅಂದರೆ ಹಿಂದೆ ಯಾವತ್ತೋ ಅದು ಗೆಳೆಯನ ಮನೆಗೆ ಹೋಗಿ ಬಂದಿರಬೇಕು. ಚೀಟಿಯಲ್ಲಿ ಮೊದಲ ಊರು ಗೆಳೆಯನ ಲೇಔಟಿನದು, ಅಂದರೆ ಅವನು ಮನೆಯಲ್ಲಿ ಹಳಿ, ಸ್ಟೇಷನ್ ಜೋಡಿಸಿ ಮಾಡಿಕೊಂಡ ಪುಟ್ಟ ರೈಲು ಲೋಕದ್ದು. ಗಾಡಿ ಅವನ ರೈಲಿಗೇ ಸೇರಿಕೊಂಡು ಹೊರಟಿತು. ಅದು ಸುರಂಗ ಹೊಕ್ಕು ಹೊರಬಂದಾಗಲೆಲ್ಲ ಹುಡುಗಿ, "ಆಟಿಕೆ ಬಂತು" ಅನ್ನುತ್ತಿದ್ದಳು. ನಾವು ದೊಡ್ಡವರೂ ಸ್ವಲ್ಪ ಹೊತ್ತಿಗೆ ಹಾಗೇ ಅನ್ನತೊಡಗಿದೆವು.

ಗಾಡಿ ಈಗ ಗೆಳೆಯನ ಮನೆಯಲ್ಲಿದೆ. ತಾತ ಗುಂಪಿಗೆ ದಿನಕ್ಕೊಂದು ಮೆಸೇಜ್ ಹಾಕುತ್ತಿದ್ದಾರೆ: "ಬಾಡಿಗೆ ಏರ್ತಾ ಇದೆ." ಗೆಳೆಯನ ಉತ್ತರ: "ಸರಕು ಇನ್ನೂ ಇಳಿಸಿಲ್ಲ ಸರ್, ಬೆಕ್ಕುಗಳು ಸಹಿ ಹಾಕ್ತಿಲ್ಲ." ತಾತ ತಮಾಷೆ ಮಾಡಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಇದು ಪೂರ್ತಿ ತಮಾಷೆ ಅಂತಲೂ ಧೈರ್ಯವಾಗಿ ಹೇಳಲಾರೆ.

ಚೀಟಿಯ ಎರಡನೇ ಬದಿಯಲ್ಲಿ ಹುಡುಗಿ ನನ್ನ ಲೇಔಟಿನ ಸ್ಟೇಷನ್ ಬರೆದಿದ್ದಾಳೆ. ಸರಕು: 'ಮಿಕ್ಕ ಆಟಿಕೆಗಳು'. ಇಳಿಸಬೇಕಾದ ಜಾಗ: 'ಬೆಕ್ಕಿನ ಅಂಗಡಿ'. ನನ್ನ ಲೇಔಟಿನಲ್ಲಿ ಇರುವುದು ಒಂದು ಪೀಠೋಪಕರಣ ಕಾರ್ಖಾನೆ, ಒಂದು ಶೀತಲ ಗೋದಾಮು. ಗಾಡಿ ಬರುವ ಮೊದಲು ಯಾವುದಾದರೂ ಒಂದಕ್ಕೆ ಹೊಸ ಬೋರ್ಡು ಬರೆಯಬೇಕು. ಆ ಬೋರ್ಡಿನ ಅಕ್ಷರ ಯಾವ ಕಾಲದ್ದು ಅಂತ ತಾತ ಕೇಳದೆ ಬಿಡುವುದಿಲ್ಲ.