ಕೇಳಿದರೆ ಈಮಾನ್ (ನಂಬಿಕೆ) ಹೋಗುತ್ತಾ?

ನಿನ್ನೆ ಇಫ್ತಾರ್ ಮುಗಿಸಿ ಕೂತಿದ್ದಾಗ ಅಣ್ಣನ ಮಗಳು ತಲಾಖ್ ಬಗ್ಗೆ ಏನೋ ಕೇಳಿದಳು. ಮನೆಗೆ ಬಂದಿದ್ದ ಹಿರಿಯರೊಬ್ಬರು "ಅದೆಲ್ಲ ಆಲಿಮರ (ಧರ್ಮ ಓದಿಕೊಂಡವರ) ಕೆಲಸ, ಸುಮ್ನಿರಮ್ಮ" ಅಂದರು. ಕೈಯಲ್ಲಿದ್ದ ಖರ್ಜೂರವನ್ನು ಹಾಗೇ ತಟ್ಟೆಗಿಟ್ಟು ತಲೆ ತಗ್ಗಿಸಿದಳು. ತುಂಬಾ ನೋವಾಯಿತು.

ಕುರ್‌ಆನಿನ 58ನೇ ಅಧ್ಯಾಯದ ಹೆಸರೇ ಅಲ್-ಮುಜಾದಿಲಾ, ವಾದಿಸುವವಳು. ಗಂಡ "ನೀನು ನನಗೆ ತಾಯಿಯ ಬೆನ್ನಿದ್ದ ಹಾಗೆ" ಅಂತ ಹೇಳಿ ದೂರ ಮಾಡಿದಾಗ ಖೌಲಾ ಎಂಬ ಮಹಿಳೆ ಪ್ರವಾದಿಯವರ ಮುಂದೆಯೇ ವಾದಿಸಿದರು, ಆಕೆಯ ಮಾತನ್ನು ಅಲ್ಲಾಹ್ ಕೇಳಿದ ಅಂತಲೇ ಆ ಅಧ್ಯಾಯ ಶುರುವಾಗುತ್ತದೆ. ಸತ್ತವರನ್ನು ಹೇಗೆ ಬದುಕಿಸುತ್ತೀ, ತೋರಿಸು ಅಂತ ಪ್ರವಾದಿ ಇಬ್ರಾಹೀಮರೂ ಅಲ್ಲಾಹನನ್ನು ಕೇಳಿದ್ದರಲ್ವಾ, ನಂಬಿಕೆ ಇದೆ, ಮನಸ್ಸಿಗೆ ಸಮಾಧಾನ ಬೇಕು ಅಂತ. ಓದಿಕೊಂಡವರ ಮಾತಿಗೆ ತೂಕ ಜಾಸ್ತಿ, ಒಪ್ಪುತ್ತೇನೆ. ಆದರೆ ಕೇಳೋದಕ್ಕೂ ಸನದು ಬೇಕಾ?

ರಾತ್ರಿ ಅವಳ ಜೊತೆ ಕೂತು ಆ ಅಧ್ಯಾಯದ ಕನ್ನಡ ಅನುವಾದ ಓದಿದೆ. ಅವಳ ಹತ್ತಿರ ಇನ್ನೂ ಮೂರು ಪ್ರಶ್ನೆಗಳಿದ್ದವು.