ಸುಣ್ಣ ಒರಸಿದ ಬೆರಳು

ನಿನ್ನೆ ರಾತ್ರಿ ಬದಿಯಡ್ಕದ ಹತ್ತಿರದ ಒಂದು ಶಾಲೆಯಲ್ಲಿ ನಾಟಕ ನೋಡಿ ಬಂದೆ. ನೋಡುವವರು ನಲವತ್ತು ಮಂದಿ ಇದ್ದಿರಬಹುದು. ಅಜ್ಜಿ ಪಾತ್ರದ ಹುಡುಗಿ ಮಾತಾಡುವ ಮೊದಲು ವೀಳ್ಯದೆಲೆಗೆ ಸುಣ್ಣ ಹಚ್ಚಿ, ಬೆರಳನ್ನು ಕಂಬಕ್ಕೆ ಒರಸಿದಳು. ಅಷ್ಟರಲ್ಲೇ ಇಡೀ ಮನೆ ಕಣ್ಣಿಗೆ ಬಂತು. ನನ್ನ ಅಜ್ಜಿಯೂ ಹಾಗೇ ಮಾಡ್ತಿದ್ದರು. ನಮ್ಮ ಚಾವಡಿಯ ಕಂಬ ಒಂದು ಕಡೆ ಬೆಳ್ಳಗಾಗಿತ್ತು.

ಬೆಳಕು ಮಾತ್ರ ಎರಡು ಸಲ ತಡವಾಯಿತು. ಕೊನೆಯ ದೃಶ್ಯದಲ್ಲಿ ಮಾತು ಜಾಸ್ತಿ. ಅಲ್ಲಿ ಸುಮ್ಮನೆ ಕೂತಿದ್ದರೆ ಸಾಕಿತ್ತು. ಇದನ್ನೆಲ್ಲ ಬರೆದು ತಂಡದವರಿಗೂ ಕಳಿಸಿದೆ. ಸುಮ್ನೆ ‘ಚೆನ್ನಾಗಿತ್ತು’ ಅಂದರೆ ದಿನಾ ಕೆಲಸ ಮುಗಿಸಿ ಬಂದು ತಾಲೀಮು ಮಾಡಿದವರಿಗೆ ಏನು ಸಿಕ್ಕ ಹಾಗಾಯಿತು?

ಯಕ್ಷಗಾನ ಪ್ರಸಂಗಗಳನ್ನು ಬರೆದ ಕವಿ ಪಾರ್ತಿಸುಬ್ಬನ ಊರು ಕುಂಬಳೆ ಇಲ್ಲಿಂದ ದೂರವಿಲ್ಲ. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವರಿಗೆ ಚೆಂಡೆ, ಕಿರೀಟ ಇಲ್ಲದ ಸಣ್ಣ ನಾಟಕ ಸಪ್ಪೆ ಅನ್ನಿಸಬಹುದು. ಆದರೆ 1956ರಲ್ಲಿ ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನಲ್ಲಿ, ನಮ್ಮ ಮಾತು ವೇದಿಕೆಯಿಂದ ಗಟ್ಟಿಯಾಗಿ ಕೇಳಿದಾಗ ಮೈ ಜುಮ್ಮೆನ್ನುತ್ತದೆ ಅಲ್ವಾ? ಪಕ್ಕದಲ್ಲಿದ್ದ ಮಲಯಾಳಿ ಗೆಳೆಯನೂ ಅಜ್ಜಿ ಬೈದಾಗ ಮನಸಾರೆ ನಕ್ಕ.

ಮುಂದಿನ ಶನಿವಾರ ನೀರ್ಚಾಲಿನಲ್ಲಿ ಇನ್ನೊಂದು ನಾಟಕ ಇದೆಯಂತೆ. ಬರುವವರು ಹೇಳಿ, ಬೈಕಿನಲ್ಲಿ ಹಿಂದಿನ ಸೀಟು ಖಾಲಿ ಇದೆ.