ವ್ಯಾಲೊರಂಟ್ ನೇರಪ್ರಸಾರ: ಮೊದಲ ಸಲ ಬಂದವರು ಎದ್ದು ಹೋಗದಂತೆ ತೋರಿಸುವುದು ಹೇಗೆ

ಗುಂಡಿನ ಕಾಳಗದ ವಿಡಿಯೋ ಗೇಮ್ ವ್ಯಾಲೊರಂಟ್‌ನ ಟೂರ್ನಿ ಪ್ರಸಾರಕ್ಕೆ ಹೊಸಬರನ್ನು ಕರೆತರುವುದು ಕಷ್ಟವಲ್ಲ, ಉಳಿಸಿಕೊಳ್ಳುವುದು ಕಷ್ಟ. ಅಣ್ಣ ನೋಡುತ್ತಿದ್ದಾನೆ ಅಂತ ತಂಗಿ ಪಕ್ಕದಲ್ಲಿ ಬಂದು ಕೂರುತ್ತಾಳೆ. ಕಾಲೇಜ್ ಫೆಸ್ಟ್‌ನಲ್ಲಿ ಆಡಿಟೋರಿಯಂ ತಂಪಾಗಿದೆ ಅಂತ ಒಂದಷ್ಟು ಜನ ಒಳಗೆ ಬರುತ್ತಾರೆ. ಐದು ನಿಮಿಷಕ್ಕೆ ಎಲ್ಲರ ಕೈಗೂ ಫೋನ್ ಬಂದಿರುತ್ತದೆ. "ಏಜೆಂಟ್ ಗೊತ್ತಿಲ್ಲ, ಗನ್ ಗೊತ್ತಿಲ್ಲ, ಅವರಿಗೇನು ಅರ್ಥವಾಗುತ್ತೆ ಬಿಡಿ" ಅನ್ನುವುದು ಪ್ರೊಡಕ್ಷನ್ ರೂಮಿನಲ್ಲಿ ಸುಲಭವಾಗಿ ಸಿಗುವ ಉತ್ತರ. ಗೂಗ್ಲಿಗೂ ಲೆಗ್‌ಬ್ರೇಕ್‌ಗೂ ವ್ಯತ್ಯಾಸ ಗೊತ್ತಿಲ್ಲದವರೂ ಕೊನೆಯ ಓವರ್‌ವರೆಗೆ ಕ್ರಿಕೆಟ್ ನೋಡುತ್ತಾರೆ, ಯಾಕೆಂದರೆ ಮೂಲೆಯಲ್ಲಿ "18 ಎಸೆತ, 31 ರನ್ ಬೇಕು" ಅಂತ ಬರೆದಿರುತ್ತದೆ. ನಮ್ಮ ಸ್ಕ್ರೀನ್ ಮೇಲೆ ನೂರು ಸಂಗತಿ ಇರುತ್ತವೆ, ಆ ಒಂದು ಸಾಲು ಇರುವುದಿಲ್ಲ. ಈಗ ಯಾರಿಗೆ ಏನು ಬೇಕು, ಎಷ್ಟು ಹೊತ್ತಿನೊಳಗೆ ಬೇಕು ಅನ್ನುವ ಸಾಲು.

ಅದನ್ನು ಬರೆಯಲು ಬೇಕಾದ ನಿಯಮಗಳು ಕಡಿಮೆ. ಐವರ ವಿರುದ್ಧ ಐವರು. ಮೊದಲು 13 ರೌಂಡ್ ಗೆದ್ದವರಿಗೆ ಆ ಮ್ಯಾಪ್, ಅಂದರೆ ಒಂದು ಕಣದಲ್ಲಿ ಆಡುವ ಪಂದ್ಯ. 12 ರೌಂಡ್ ಆದ ಮೇಲೆ ದಾಳಿ ಮಾಡುತ್ತಿದ್ದವರು ರಕ್ಷಣೆಯ ಕಡೆಗೆ ಹೋಗುತ್ತಾರೆ. 12–12 ಆದರೆ ಎರಡು ರೌಂಡ್ ಮುನ್ನಡೆ ಬೇಕು. ಒಂದು ರೌಂಡ್‌ಗೆ 100 ಸೆಕೆಂಡ್. ಅಷ್ಟರೊಳಗೆ ದಾಳಿಯ ತಂಡ ಗೊತ್ತಾದ ಜಾಗದಲ್ಲಿ ಸ್ಪೈಕ್ ಎಂಬ ಬಾಂಬ್ ಇಡಬೇಕು, ಇಲ್ಲವೇ ಎದುರಾಳಿಗಳನ್ನೆಲ್ಲ ಉರುಳಿಸಬೇಕು. ಹೊಸಬರಿಗೆ ಮೊದಲ ದಿನಕ್ಕೆ ಇಷ್ಟು ಸಾಕು. ಏಜೆಂಟ್‌ಗಳ (ಆಟಗಾರರು ಆರಿಸಿಕೊಳ್ಳುವ ಪಾತ್ರಗಳ) ಶಕ್ತಿ, ಅಲ್ಟಿಮೇಟ್ ಪಾಯಿಂಟ್ ಎಲ್ಲ ಎರಡನೇ ದಿನದ ಮಾತು.

ಹಾಗಾಗಿ ಸ್ಕೋರ್‌ಬಾರ್ ಕೆಳಗೆ ಒಂದೇ ಸಾಲಿನ ಪಟ್ಟಿ ಹಾಕಿ: "ಕಿತ್ತಳೆ ತಂಡ ಸ್ಪೈಕ್ ಇಡಬೇಕು. 4 ಎದುರು 3. 38 ಸೆಕೆಂಡ್." ಬಣ್ಣ ತಂಡಕ್ಕೆ ಅಂಟಿರಲಿ, ದಾಳಿಗೋ ರಕ್ಷಣೆಗೋ ಅಲ್ಲ. ದಾಳಿಗೆ ಕೆಂಪು, ರಕ್ಷಣೆಗೆ ಹಸಿರು ಅಂತ ಕಟ್ಟಿದರೆ ಅರ್ಧ ಆಟ ಮುಗಿದು ಬದಿ ಬದಲಾದಾಗ ಬಣ್ಣವೂ ಅದಲುಬದಲಾಗುತ್ತದೆ, ಅಲ್ಲಿಯವರೆಗೆ ಹೊಸಬರು ಕಲಿತದ್ದೆಲ್ಲ ನೀರುಪಾಲು. ಕೆಂಪು–ಹಸಿರು ಜೋಡಿಯನ್ನು ಬಿಡಲು ಇನ್ನೊಂದು ಕಾರಣವೂ ಇದೆ. ಬಣ್ಣಗುರುಡಿನಲ್ಲಿ ಹೆಚ್ಚು ಕಾಣುವುದು ಇವೆರಡರ ವ್ಯತ್ಯಾಸ ತಿಳಿಯದಿರುವ ಬಗೆಯೇ. ಕಿತ್ತಳೆ–ನೀಲಿ ಜೋಡಿ ಬಹುತೇಕ ಎಲ್ಲರಿಗೂ ಬೇರೆಬೇರೆಯಾಗಿ ಕಾಣುತ್ತದೆ. ಎಡ–ಬಲ ಜಾಗವನ್ನೂ ಇಡೀ ಸರಣಿ ಮುಗಿಯುವವರೆಗೆ ಬದಲಿಸಬೇಡಿ.

ಸ್ಪೈಕ್ ಇಟ್ಟ ಮೇಲಿನ ಹೊತ್ತು ಈ ಆಟದ ಅತಿ ರೋಚಕ ಭಾಗ, ಹೊಸಬರು ಅತಿ ಹೆಚ್ಚು ಕಳೆದುಹೋಗುವುದೂ ಅಲ್ಲೇ. ಇಟ್ಟ ಸ್ಪೈಕ್ 45 ಸೆಕೆಂಡ್‌ಗೆ ಸಿಡಿಯುತ್ತದೆ. ಅದನ್ನು ಕೆಡಿಸಲು ರಕ್ಷಣೆಯ ತಂಡಕ್ಕೆ 7 ಸೆಕೆಂಡ್ ಬೇಕು. ಮೂರೂವರೆ ಸೆಕೆಂಡ್‌ವರೆಗೆ ಮಾಡಿ ಬಿಟ್ಟರೂ ಆ ಅರ್ಧ ಕೆಲಸ ಉಳಿದಿರುತ್ತದೆ. ಆಟಗಾರರಿಗೆ ಈ ಸಮಯ ಅಂಕಿಯಲ್ಲಿ ಕಾಣುವುದಿಲ್ಲ. ಬೀಪ್ ಸದ್ದು ಚುರುಕಾಗುತ್ತಾ ಹೋಗುವುದನ್ನು ಕೇಳಿ ಅಂದಾಜು ಮಾಡುತ್ತಾರೆ. ಹಳೇ ವೀಕ್ಷಕರ ಕಿವಿಗೂ ಅದು ಪಳಗಿದೆ. ಹೊಸಬರ ಪಾಲಿಗೆ ಅದು ಇನ್ನೊಂದು ಗಲಾಟೆ, ಅದೂ ಕಾಸ್ಟರ್ (ವೀಕ್ಷಕ ವಿವರಣೆ ಕೊಡುವವರು) ಕೂಗಾಟದ ಕೆಳಗೆ ಹೂತುಹೋಗಿರುತ್ತದೆ.

ಇಲ್ಲಿ ಮಾಡಬೇಕಾದ ಕೆಲಸ ಎರಡು. ಒಂದು, 45ರಿಂದ ಇಳಿಯುವ ಪಟ್ಟಿ. ಗೇಮ್‌ನಿಂದ ನೇರ ಡೇಟಾ ಸಿಗದ ಸಣ್ಣ ಟೂರ್ನಿಗಳಲ್ಲಿ ಪ್ರಸಾರದ ಸಾಫ್ಟ್‌ವೇರ್ ಓಬಿಎಸ್‌ನಲ್ಲೇ ಒಂದು ಟೈಮರ್ ಇಟ್ಟು ಹಾಟ್‌ಕೀಗೆ ಕಟ್ಟಬಹುದು. ಕೈಯಲ್ಲಿ ಒತ್ತುವಾಗ ಅರ್ಧ ಸೆಕೆಂಡ್ ಆಚೀಚೆ ಆಗುವುದು ಸಹಜ, ಆದ್ದರಿಂದ ದಶಾಂಶ ತೋರಿಸಬೇಡಿ. ಕೊನೆಯ 7 ಸೆಕೆಂಡ್‌ಗೆ ಪಟ್ಟಿಯ ಬಣ್ಣ ಬದಲಾಗಿ "ಇನ್ನು ಹೊಸದಾಗಿ ಶುರು ಮಾಡಿದರೆ ಆಗಲ್ಲ" ಅನ್ನುವುದು ಕಣ್ಣಿಗೆ ಕಾಣಲಿ. ಎರಡು, ಆಡಿಯೋ. ಮಾತು ಗೇಮ್ ಸದ್ದಿಗಿಂತ 10–12 ಡೆಸಿಬೆಲ್ ಮೇಲಿರಲಿ, ಆದರೆ ಸ್ಪೈಕ್ ಇಟ್ಟ ಕೂಡಲೇ ಗೇಮ್ ಸದ್ದನ್ನು 4 ಡೆಸಿಬೆಲ್‌ನಷ್ಟು ಏರಿಸಿ. ಸೈಡ್‌ಚೈನ್ ಡಕಿಂಗ್ (ಮಾತು ಬಂದಾಗ ಗೇಮ್ ಸದ್ದನ್ನು ತಾನಾಗಿ ತಗ್ಗಿಸುವ ಏರ್ಪಾಡು) ಹಾಕಿದ್ದರೆ ಆ ಹೊತ್ತಿಗೆ ಸಡಿಲಿಸಿ, ಇಲ್ಲದಿದ್ದರೆ ಕಾಸ್ಟರ್ ಬಾಯಿ ತೆರೆದಾಗಲೆಲ್ಲ ಬೀಪ್ ಮಾಯವಾಗುತ್ತದೆ.

ಇದೇ ಹೊತ್ತಿನಲ್ಲಿ ಹೊಸಬರು ತಪ್ಪದೆ ಕೇಳುವ ಪ್ರಶ್ನೆ: "ಅವನ್ಯಾಕೆ ಓಡಿ ಹೋಗ್ತಿದ್ದಾನೆ?" ಒಬ್ಬನೇ ಉಳಿದಿದ್ದಾನೆ, ಎದುರಿಗೆ ಮೂವರಿದ್ದಾರೆ, ಆರು ಸೆಕೆಂಡ್ ಬಾಕಿ. ಸ್ಪೈಕ್ ಹತ್ತಿರ ಹೋದರೂ ಕೆಡಿಸಲಾಗದು. ಕೈಯಲ್ಲಿರುವ ವ್ಯಾಂಡಲ್ ರೈಫಲ್‌ನ ಬೆಲೆ 2900 ಕ್ರೆಡಿಟ್ (ಆಟದೊಳಗಿನ ದುಡ್ಡು). ಹೀಗೆ ಸೋತು ಬದುಕಿದವನಿಗೆ ಸಿಗುವುದು 1000 ಮಾತ್ರ. ಸತ್ತಿದ್ದರೆ 1900 ಅಥವಾ ಹೆಚ್ಚು ಸಿಗುತ್ತಿತ್ತು. ಆದರೂ ಮುಂದಿನ ರೌಂಡ್‌ಗೆ ಗನ್ ಉಳಿದದ್ದೇ ಲಾಭ. ಕಾಸ್ಟರ್ ಇದನ್ನು "ಸೇವ್ ಮಾಡ್ತಿದ್ದಾನೆ" ಅಂತ ಎರಡೇ ಪದದಲ್ಲಿ ಮುಗಿಸಿದರೆ ಸಭಾಂಗಣದಲ್ಲಿ ಅರ್ಧ ಜನ ಆತ ಹೆದರಿದ ಅಂದುಕೊಳ್ಳುತ್ತಾರೆ. "ಏಳು ಸೆಕೆಂಡ್ ಬೇಕು, ಆರೇ ಇದೆ. ಗನ್ ಉಳಿಸಿಕೊಳ್ತಾನೆ" ಅಂದರೆ ಕೆಲಸ ಆಯಿತು.

ದುಡ್ಡಿನ ಲೆಕ್ಕವೇ ಹೊಸಬರಿಗೆ ದೊಡ್ಡ ಗೋಡೆ, ಆದರೆ ಒಡೆಯಲು ಸುಲಭ. ಮೊದಲ ರೌಂಡ್‌ನಲ್ಲಿ ಪ್ರತಿಯೊಬ್ಬರಿಗೂ 800. ಗೆದ್ದವರಿಗೆ 3000, ಸೋತವರಿಗೆ 1900. ಒಬ್ಬರನ್ನು ಉರುಳಿಸಿದ್ದಕ್ಕೆ 200, ಸ್ಪೈಕ್ ಇಟ್ಟಿದ್ದರೆ ಇಡೀ ದಾಳಿ ತಂಡಕ್ಕೆ ತಲಾ 300. ರೈಫಲ್ ಮತ್ತು ದಪ್ಪ ಶೀಲ್ಡ್ ಸೇರಿದರೆ 3900 ಆಗುತ್ತದೆ. ಹಾಗಾದರೆ ಮೊದಲ ರೌಂಡ್ ಸೋತವರು ಎರಡನೆಯದರಲ್ಲಿ ಏನೂ ಕೊಳ್ಳದೆ ಕಾದರೆ, ಮತ್ತೆ ಸೋತರೂ ಸತತ ಎರಡನೇ ಸೋಲಿಗೆ ಸಿಗುವ 2400 ಸೇರಿ ಮೂರನೇ ರೌಂಡ್‌ಗೆ 4300 ಕೈಯಲ್ಲಿರುತ್ತದೆ. ಎರಡನೇ ರೌಂಡ್ ಏಕಪಕ್ಷೀಯವಾಗಿ ಕಾಣುವುದು ಇದಕ್ಕೇ. ಓವರ್‌ಲೇಯಲ್ಲಿ (ಆಟದ ಚಿತ್ರದ ಮೇಲೆ ನಾವು ಕೂರಿಸುವ ಗ್ರಾಫಿಕ್ಸ್‌ನಲ್ಲಿ) ಹತ್ತು ಜನರ ಕ್ರೆಡಿಟ್ ಅಂಕಿ ಸಾಲಾಗಿ ಹಾಕುತ್ತೇವಲ್ಲ, ಅದನ್ನು ಓದುವವರು ಆಗಲೇ ಆಟ ಬಲ್ಲವರು. ಹೊಸಬರಿಗೆ "ರೈಫಲ್ 5 – 1" ಅಂತ ಒಂದು ಹೋಲಿಕೆ ಸಾಕು. ಒಂದೇ ರೈಫಲ್ ಇದ್ದ ತಂಡ ಗೆದ್ದಾಗ ಜನ ಯಾಕೆ ಕುರ್ಚಿಯಿಂದೆದ್ದು ಕೂಗಿದರು ಅನ್ನುವುದನ್ನು ಮತ್ತೆ ವಿವರಿಸಬೇಕಾಗುವುದಿಲ್ಲ.

ವಿವರಿಸುವ ಜಾಗ ರೌಂಡ್ ನಡುವಿನ ಖರೀದಿ ಸಮಯ, ಸಾಮಾನ್ಯವಾಗಿ 30 ಸೆಕೆಂಡ್. ಅದರಲ್ಲಿ ರೀಪ್ಲೇ ಬೇಕು, ಪ್ರಾಯೋಜಕರ ಲೋಗೋ ಬೇಕು, ಅಂಕಿಅಂಶದ ಕಾರ್ಡ್ ಬೇಕು. (ಲೋಗೋ ಯಾವತ್ತೂ ಸೋಲುವುದಿಲ್ಲ, ಅದು ಬೇರೆ ಮಾತು.) ಕನ್ನಡದಲ್ಲಿ ಅರ್ಥವಾಗುವ ವೇಗಕ್ಕೆ ಈ ಹೊತ್ತಿನಲ್ಲಿ 40 ಪದ ಹಿಡಿಯುತ್ತವೆ, ಹೆಚ್ಚು ತುಂಬಿದರೆ ತಂಡಗಳ ಮುಂದಿನ ತಡೆಗೋಡೆ ಬಿದ್ದು ಆಟ ಶುರುವಾದರೂ ಮಾತು ಮುಗಿದಿರುವುದಿಲ್ಲ. ಮುಂಚೆಯೇ ಹತ್ತು–ಹನ್ನೆರಡು ಕಾರ್ಡ್ ಬರೆದಿಟ್ಟುಕೊಳ್ಳಿ. ಉದಾಹರಣೆಗೆ ಎರಡನೇ ರೌಂಡ್‌ನ ಕಾರ್ಡ್: "ನೀಲಿ ತಂಡ ಈ ಸಲ ಗನ್ ಕೊಳ್ತಾ ಇಲ್ಲ. ದುಡ್ಡು ಸಾಲದು. ಈಗ ಕೈ ಬಿಗಿ ಹಿಡಿದರೆ ಮುಂದಿನ ರೌಂಡ್‌ಗೆ ಐವರಿಗೂ ರೈಫಲ್ ಬರುತ್ತೆ." ರೀಪ್ಲೇ ಇದ್ದರೆ ಕಾರ್ಡ್ ಅದರ ಮೇಲಿನ ಮಾತಾಗಲಿ, ಎರಡೂ ಜಗಳವಾಡುವುದು ಬೇಡ. ಒಂದು ಮ್ಯಾಪ್‌ನಲ್ಲಿ ಒಂದು ಕಾರ್ಡ್ ಒಂದೇ ಸಲ. ಹಳೇ ವೀಕ್ಷಕರು ಬೇಸರಪಡುವುದು ಪಾಠಕ್ಕಲ್ಲ, ಅದೇ ಪಾಠ ಮತ್ತೆ ಮತ್ತೆ ಬರುವುದಕ್ಕೆ.

ದೊಡ್ಡವರು ಇದಕ್ಕೆ ಬೇರೆ ದಾರಿ ಹಿಡಿದದ್ದುಂಟು. ಡೋಟಾ 2 ಆಟದ ದಿ ಇಂಟರ್‌ನ್ಯಾಷನಲ್ ಟೂರ್ನಿ 2014ರಲ್ಲಿ ಸಿಯಾಟಲ್‌ನಲ್ಲಿ ನಡೆದಾಗ ಹೊಸಬರಿಗೆಂದೇ ಪ್ರತ್ಯೇಕ ಸ್ಟ್ರೀಮ್ ಇತ್ತು. ಡೋಟಾದಂಥ ಆಟಕ್ಕೆ ಅದು ಸರಿ, ನೂರಕ್ಕೂ ಹೆಚ್ಚು ಹೀರೋಗಳನ್ನು 40 ಪದದಲ್ಲಿ ಹೇಳಲಾಗದು. ಆದರೆ ಪ್ರತ್ಯೇಕ ಸ್ಟ್ರೀಮ್ ಅಂದರೆ ಇನ್ನಿಬ್ಬರು ಕಾಸ್ಟರ್, ಇನ್ನೊಬ್ಬ ಅಬ್ಸರ್ವರ್ (ಆಟದೊಳಗಿನ ಕ್ಯಾಮೆರಾ ನಡೆಸುವವರು), ಇನ್ನೊಂದು ಎನ್‌ಕೋಡರ್. ನಾಲ್ಕೈದು ಜನರ ತಂಡ ಅದಕ್ಕೆ ಕೈ ಹಾಕಿದರೆ ಎರಡೂ ಸ್ಟ್ರೀಮ್ ಕೆಡುತ್ತವೆ.

ಅಬ್ಸರ್ವರ್‌ಗೆ ಒಂದು ಮಾತು. ಕಿಲ್ ಬೆನ್ನಟ್ಟಬೇಡಿ, ಪ್ರತಿ ಸಲ ಅರ್ಧ ಸೆಕೆಂಡ್ ತಡವಾಗಿಯೇ ತಲುಪುತ್ತೀರಿ. ತಡೆಗೋಡೆ ಬೀಳುವ ಮುನ್ನ ಐದು ಸೆಕೆಂಡ್ ಮೇಲಿನಿಂದ ಇಡೀ ಮ್ಯಾಪ್ ತೋರಿಸಿ. ನಂತರ ಮೊದಲ ಗುಂಡು ಹಾರುವವರೆಗೆ ಸ್ಪೈಕ್ ಹೊತ್ತವನ ಜೊತೆಗಿರಿ. ಮೂರು ಸೆಕೆಂಡ್‌ಗಿಂತ ಬೇಗ ಕಟ್ ಮಾಡಿದರೆ, ಯಾರ ಕಣ್ಣಿನಿಂದ ನೋಡುತ್ತಿದ್ದೇನೆ ಅನ್ನುವುದೇ ಹೊಸಬರಿಗೆ ತಪ್ಪಿಹೋಗುತ್ತದೆ. ಕಾಸ್ಟರ್‌ಗಳು ಏಜೆಂಟ್ ಹೆಸರಲ್ಲಿ ಕರೆಯುವುದೂ ಬೇಡ. ಎರಡೂ ತಂಡದಲ್ಲಿ ಜೆಟ್ ಇರಬಹುದು. "ಜೆಟ್ ಹೋದಳು" ಅಂದರೆ ಯಾರ ಜೆಟ್? ತಂಡದ ಬಣ್ಣ, ಆಟಗಾರನ ಹೆಸರು, ಅಷ್ಟೇ.

ಅಕ್ಷರದ ಗಾತ್ರವನ್ನು ಮಾನಿಟರ್ ಮೇಲೆ ನೋಡಿ ತೀರ್ಮಾನಿಸಬೇಡಿ. ಆರೂವರೆ ಇಂಚಿನ ಫೋನ್ ಅಡ್ಡ ಹಿಡಿದಾಗ ಪರದೆಯ ಎತ್ತರ ಸುಮಾರು 6.8 ಸೆಂಟಿಮೀಟರ್. 1080 ಸಾಲಿನ ಚಿತ್ರದಲ್ಲಿ 20 ಪಿಕ್ಸೆಲ್ ಎತ್ತರದ ಅಕ್ಷರ ಅಲ್ಲಿ 1.3 ಮಿಲಿಮೀಟರ್ ಆಗುತ್ತದೆ, ಕನ್ನಡದ ಒತ್ತಕ್ಷರವಂತೂ ಕಲೆಯಂತೆ ಕಾಣುತ್ತದೆ. ಕನ್ನಡಕ್ಕೆ 36 ಪಿಕ್ಸೆಲ್‌ಗೆ ಕಡಿಮೆ ಇಡಬೇಡಿ, ಒತ್ತಕ್ಷರ ಕತ್ತರಿಸದಂತೆ ಪಟ್ಟಿಯ ಕೆಳಗೆ ಜಾಗ ಬಿಡಿ.

ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ (ಬಿಜಿಎಂಐ) ಆಟದ ಪ್ರಸಾರ ಮಾಡುವವರಿಗೆ ತಲೆನೋವು ಬೇರೆ. 16 ತಂಡ, 64 ಆಟಗಾರರು. ಫಿನಿಶ್ (ಉರುಳಿಸಿದ ಎದುರಾಳಿ) ಒಂದಕ್ಕೆ 1 ಅಂಕ, ಸ್ಥಾನಕ್ಕೆ 10, 6, 5, 4, 3, 2, 1, 1. ಕೊನೆಯವರೆಗೆ ಉಳಿದು ಚಿಕನ್ ಡಿನ್ನರ್ ಗೆದ್ದ ತಂಡಕ್ಕೆ 3 ಫಿನಿಶ್ ಇದ್ದರೆ 13 ಅಂಕ. ಎರಡನೆಯವರು 9 ಫಿನಿಶ್ ಮಾಡಿದ್ದರೆ 15. "ಗೆದ್ದವರು ಮೇಲಿಲ್ಲವಲ್ಲ?" ಅನ್ನುವ ಗೊಂದಲ ಇಲ್ಲಿಂದ. ಮ್ಯಾಚ್ ಮುಗಿದ ಕೂಡಲೇ ಈ ಕೂಡಿಕೆಯನ್ನು ಎರಡು ಕಾಲಂನಲ್ಲಿ ತೋರಿಸಿ, ಮೊತ್ತ ಮಾತ್ರ ಅಲ್ಲ.

ಎಲ್ಲ ಹಾಕಿದ ಮೇಲೆ ಪರೀಕ್ಷೆ. ಆಟ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ (ಅಕೌಂಟ್ಸ್ ವಿಭಾಗದವರು ಸಾಮಾನ್ಯವಾಗಿ ಸಿಗುತ್ತಾರೆ), ರೆಕಾರ್ಡಿಂಗ್ ಹಾಕಿ, ರೌಂಡ್ ಮಧ್ಯೆ ನಿಲ್ಲಿಸಿ "ಈಗ ಯಾರು ಮುಂದಿದ್ದಾರೆ, ಯಾಕೆ?" ಅಂತ ಕೇಳಿ. ಒಂದು ಸಲ ಸದ್ದು ಮ್ಯೂಟ್ ಮಾಡಿ, ಇನ್ನೊಂದು ಸಲ ಪರದೆ ಮುಚ್ಚಿ ಸದ್ದು ಮಾತ್ರ ಕೇಳಿಸಿ. ಮ್ಯೂಟ್‌ನಲ್ಲಿ ಉತ್ತರ ಬರದಿದ್ದರೆ ಓವರ್‌ಲೇ ಸರಿಮಾಡಿ. ಸದ್ದಿನಲ್ಲಿ ಬರದಿದ್ದರೆ ಕಾಸ್ಟರ್‌ಗಳ ಜೊತೆ ಕೂತು ಮಾತಾಡಿ. ಎರಡರಲ್ಲೂ ಬಂದು, ಒಟ್ಟಿಗೆ ನೋಡಿದಾಗ ಮಾತ್ರ ಬರದಿದ್ದರೆ ಸ್ಕ್ರೀನ್ ಮೇಲೆ ವಿಪರೀತ ತುಂಬಿದೆ ಅಂತ ಅರ್ಥ. ಆಗ ಮೊದಲು ತೆಗೆಯಬೇಕಾದದ್ದು ಹತ್ತು ಜನರ ಕ್ರೆಡಿಟ್ ಸಾಲು, ನಂತರ ವೆಬ್‌ಕ್ಯಾಮ್ ಕಿಟಕಿಗಳು.